ಆ್ಯಪ್‌ಗಳ ಕನ್ನಡ ತಪ್ಪು ತಿದ್ದಿದ ಮೇಲೂ ಮರಳುವುದೇಕೆ?

ಮಾನ್ಯ ಸಂಪಾದಕರೇ,

ಮೊಬೈಲ್ ಆ್ಯಪ್‌ಗಳಲ್ಲಿ ಕನ್ನಡ ಕೆಟ್ಟಿದೆ, ಒಮ್ಮೆ ಸರಿಪಡಿಸಿದ ತಪ್ಪು ಮುಂದಿನ ಆವೃತ್ತಿಯಲ್ಲಿ ಮತ್ತೆ ಹಾಜರಾಗುತ್ತದೆ, ಕನ್ನಡ ಪರದೆಯ ನಡುವೆ ಇದ್ದಕ್ಕಿದ್ದಂತೆ ಒಂದು ಇಂಗ್ಲಿಷ್ ಸಾಲು ಇಣುಕುತ್ತದೆ ಎಂಬ ದೂರುಗಳು ಓದುಗರ ಪತ್ರಗಳಲ್ಲಿ ಆಗಾಗ ಕಾಣಿಸುತ್ತವೆ. ಹೆಚ್ಚಿನವರು ಇದಕ್ಕೆ ಅನುವಾದಕರ ಅಸಡ್ಡೆಯನ್ನೇ ಕಾರಣ ಮಾಡುತ್ತಾರೆ. ಆ್ಯಪ್ ತಯಾರಿಸುವುದನ್ನೇ ಕಸುಬು ಮಾಡಿಕೊಂಡಿರುವ ನನಗೆ ಈ ದೂರುಗಳಲ್ಲಿ ಅರ್ಧದಷ್ಟಾದರೂ ಭಾಷೆಯ ದೋಷಗಳಲ್ಲ, ಕಡತಗಳನ್ನು ಇಟ್ಟುಕೊಳ್ಳುವ ರೀತಿಯ ದೋಷಗಳು ಎಂದು ಅನಿಸಿದೆ. ಅದರಲ್ಲೂ ಮುಖ್ಯವಾಗಿ, ಮನುಷ್ಯರು ಬರೆಯದೆ ಯಂತ್ರವೇ ಬರೆದುಕೊಡುವ ಕಡತಗಳನ್ನು, ಅಂದರೆ ನಾವು ಕೆಲಸದ ಜಾಗದಲ್ಲಿ ಜನರೇಟೆಡ್ ಫೈಲ್ ಎಂದು ಕರೆಯುವವುಗಳನ್ನು, ಹೇಗೆ ನೋಡಿಕೊಳ್ಳಬೇಕೆಂಬ ತಿಳಿವಳಿಕೆ ಆ್ಯಪ್ ಬರೆಯುವವರಲ್ಲೂ ಬರೆಸುವವರಲ್ಲೂ ಕಡಿಮೆ ಇದೆ. ವಿಷಯ ತುಸು ತಾಂತ್ರಿಕವಾದದ್ದು, ಪತ್ರವೂ ವಾಡಿಕೆಗಿಂತ ಉದ್ದವಾಗಲಿದೆ. ಸೈರಿಸಿಕೊಳ್ಳಬೇಕಾಗಿ ಕೋರುತ್ತೇನೆ.

ಮೊದಲು ನಮ್ಮದೇ ತಪ್ಪಿನ ಕಥೆ. ಮಲೆನಾಡಿನ ಒಂದು ಸಹಕಾರ ಸಂಘಕ್ಕೆ ನಾವು ಮೂವರು ಸೇರಿ ಫ್ಲಟರ್ ಎಂಬ ಆ್ಯಪ್ ತಯಾರಿಕೆಯ ಸಲಕರಣೆಯಲ್ಲಿ ಆ್ಯಪ್ ಮಾಡಿಕೊಟ್ಟಿದ್ದೆವು. ಸದಸ್ಯರು ಸಾಲಕ್ಕೆ ಅರ್ಜಿ ಹಾಕಬಹುದು, ಕಾರ್ಯದರ್ಶಿಯ ಪರದೆಯಲ್ಲಿ ಎಷ್ಟು ಅರ್ಜಿ ಬಾಕಿ ಇದೆ ಎಂಬುದು ಕಾಣುತ್ತದೆ. ಒಂದು ದಿನ ಕಾರ್ಯದರ್ಶಿಯವರು ಫೋನ್ ಮಾಡಿ, ‘ಏನ್ರೀ, ಒಂದು ಅರ್ಜಿ ಬಾಕಿ ಇದೆ ಅಂತ ತೋರಿಸ್ತದೆ, ಬೆಳಗ್ಗಿಂದ ಹುಡುಕ್ತಾ ಇದೀವಿ, ಅರ್ಜಿಯೇ ಇಲ್ಲ’ ಎಂದರು. ಇಂಗ್ಲಿಷಿಗೆ ಬದಲಿಸಿ ನೋಡಿದರೆ ಸೊನ್ನೆ ಅರ್ಜಿ ಎಂದು ಸರಿಯಾಗಿಯೇ ತೋರಿಸುತ್ತಿತ್ತು. ಕನ್ನಡದಲ್ಲಿ ಮಾತ್ರ ಸೊನ್ನೆ ಇದ್ದಾಗ ‘ಒಂದು ಅರ್ಜಿ ಬಾಕಿ ಇದೆ’ ಎಂಬ ಸಾಲು ಬರುತ್ತಿತ್ತು. ಸಹಜವಾಗಿಯೇ ಮೊದಲ ಗುಮಾನಿ ಕನ್ನಡ ಸಾಲುಗಳನ್ನು ಬರೆದುಕೊಟ್ಟ ನಿವೃತ್ತ ಮೇಷ್ಟರ ಮೇಲೆ ಹೋಯಿತು. ಅವರ ತಪ್ಪು ಎಳ್ಳಷ್ಟೂ ಇರಲಿಲ್ಲ.

ಕಾರಣ ಹೀಗಿತ್ತು. ಒಂದು ಭಾಷೆಯಲ್ಲಿ ಯಾವ ಸಂಖ್ಯೆಗೆ ಏಕವಚನದ ಸಾಲು, ಯಾವುದಕ್ಕೆ ಬಹುವಚನದ ಸಾಲು ಎಂಬ ನಿಯಮಗಳನ್ನು ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ದತ್ತಾಂಶ ಭಂಡಾರ ನಿಗದಿ ಮಾಡುತ್ತದೆ, ಬಹುತೇಕ ತಂತ್ರಾಂಶಗಳು ಅದನ್ನೇ ಅನುಸರಿಸುತ್ತವೆ. ಇಂಗ್ಲಿಷಿನಲ್ಲಿ 1ಕ್ಕೆ ಮಾತ್ರ ಏಕವಚನ. ಕನ್ನಡಕ್ಕೆ ಅಲ್ಲಿರುವ ನಿಯಮದಲ್ಲಿ 0 ಮತ್ತು 1 ಎರಡೂ ‘ಒಂದು’ ಎಂಬ ವರ್ಗಕ್ಕೇ ಸೇರುತ್ತವೆ. ಹಿಂದಿ, ಬಂಗಾಳಿ, ಗುಜರಾತಿಗಳಿಗೂ ಇದೇ ನಿಯಮವಿದೆ. ನೆರೆಯ ತಮಿಳು, ತೆಲುಗು, ಮಲಯಾಳಂಗಳಿಗೆ ಇಲ್ಲ. ಆದ್ದರಿಂದ ಏಕವಚನದ ಸಾಲಿನಲ್ಲಿ ‘ಒಂದು’ ಎಂಬ ಪದವನ್ನೇ ಬರೆದಿಟ್ಟರೆ ಸೊನ್ನೆ ಇದ್ದಾಗಲೂ ಅದೇ ಸಾಲು ಆಯ್ಕೆಯಾಗುತ್ತದೆ. ಇದನ್ನು ತಪ್ಪಿಸಲು ಸಂದೇಶದ ಮೂಲದಲ್ಲಿ ಸೊನ್ನೆಗೆಂದೇ ಬೇರೆ ಸಾಲು ಕೊಡಬೇಕು. ‘ಯಾವ ಅರ್ಜಿಯೂ ಬಾಕಿ ಇಲ್ಲ’ ಎಂಬ ಒಂದು ಸಾಲು ಸಾಕಿತ್ತು. ಇಂಗ್ಲಿಷ್ ಮಾದರಿಯಲ್ಲಿ ಸೊನ್ನೆಯ ಸಾಲು ಇರಲಿಲ್ಲವಾದ್ದರಿಂದ ಅದನ್ನು ನೋಡಿಕೊಂಡು ಬರೆದ ಮೇಷ್ಟರಿಗೆ ಅದು ಬೇಕೆಂದು ತಿಳಿಯುವ ದಾರಿಯೇ ಇರಲಿಲ್ಲ.

ನಮ್ಮ ಕಿರಿಯ ಸಹೋದ್ಯೋಗಿಯೊಬ್ಬ ಇದನ್ನು ಹತ್ತೇ ನಿಮಿಷದಲ್ಲಿ ಸರಿಪಡಿಸಿದ. ಆದರೆ ಅವನು ಸರಿಪಡಿಸಿದ್ದು ಮೂಲವನ್ನಲ್ಲ. ಫ್ಲಟರ್‌ನಲ್ಲಿ ಆ್ಯಪ್‌ನ ಮಾತುಗಳೆಲ್ಲ ಎಆರ್‌ಬಿ ಎಂಬ ಸರಳ ಪಠ್ಯ ಕಡತಗಳಲ್ಲಿರುತ್ತವೆ, ಇಂಗ್ಲಿಷಿಗೊಂದು, ಕನ್ನಡಕ್ಕೊಂದು. ಅವುಗಳನ್ನು ಓದಿ ಫ್ಲಟರ್‌ನದೇ ಒಂದು ಉಪಕರಣ ಡಾರ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಡತಗಳನ್ನು ಬರೆಯುತ್ತದೆ, ಆ್ಯಪ್ ಬಳಸುವುದು ಈ ಎರಡನೆಯವುಗಳನ್ನು. ಹುಡುಗ ತೆರೆದದ್ದು ಯಂತ್ರ ಬರೆದ ಕನ್ನಡದ ಡಾರ್ಟ್ ಕಡತವನ್ನು. ಅಲ್ಲೇ ಸೊನ್ನೆಗೆ ಒಂದು ಸಾಲು ಸೇರಿಸಿದ, ಪರೀಕ್ಷಿಸಿದ, ಹೊಸ ಆವೃತ್ತಿ ಹೋಯಿತು, ಕಾರ್ಯದರ್ಶಿಯವರು ಧನ್ಯವಾದವನ್ನೂ ಹೇಳಿದರು. ಕೆಲವು ವಾರಗಳ ನಂತರ ‘ಕಂತು ಪಾವತಿಯಾಗಿದೆ’ ಎಂಬ ಹೊಸ ಸಂದೇಶವೊಂದನ್ನು ಎಆರ್‌ಬಿಗೆ ಸೇರಿಸಿದಾಗ ಉಪಕರಣ ಡಾರ್ಟ್ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಬರೆಯಿತು, ಹುಡುಗ ಸೇರಿಸಿದ ಸಾಲು ಸದ್ದಿಲ್ಲದೆ ಮಾಯವಾಯಿತು, ಇಲ್ಲದ ಅರ್ಜಿ ಮತ್ತೆ ಬಾಕಿ ಉಳಿಯಿತು. ಮತ್ತೆ ಅದೇ ಜಾಗದಲ್ಲಿ ತಿದ್ದಿದೆವು, ಮತ್ತೆ ಅಳಿಯಿತು. ಮೂರನೆಯ ಸಲಕ್ಕೆ ನನಗೆ ಅನುಮಾನ ಬಂತು.

ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ಕೈಯಲ್ಲಿರುವ ಪ್ರತಿಯ ಮೇಲೆ ಪೆನ್ನಿನಿಂದ ತಿದ್ದಿಕೊಂಡು ಮನೆಗೆ ಹೋಗುವ ರೈತನನ್ನು ಕಂಡರೆ ನಾವೆಲ್ಲ ನಗುತ್ತೇವೆ, ಏಕೆಂದರೆ ಮುಂದಿನ ಸಲ ನಾಡಕಚೇರಿಯಲ್ಲಿ ಪ್ರತಿ ತೆಗೆಸಿದಾಗ ಹಳೆಯ ತಪ್ಪು ಹೆಸರೇ ಬರುತ್ತದೆಂದು ಎಲ್ಲರಿಗೂ ಗೊತ್ತು. ತಿದ್ದುಪಡಿ ಆಗಬೇಕಾದದ್ದು ದಾಖಲೆಯಲ್ಲಿ. ಆರು ವರ್ಷ ಅನುಭವವಿದ್ದ ನಾವು ಮಾಡಿದ್ದು ಆ ಪೆನ್ನಿನ ಕೆಲಸವನ್ನೇ.

ಹುಡುಗನ ಪರವಾಗಿ ಒಂದು ಮಾತು ಹೇಳಲೇಬೇಕು. ಫ್ಲಟರ್ ಜಗತ್ತಿನಲ್ಲಿ ಯಂತ್ರ ಬರೆಯುವ ಎಷ್ಟೋ ಕಡತಗಳ ತಲೆಯ ಮೇಲೆ ‘ಇದು ಯಂತ್ರ ಬರೆದದ್ದು, ಕೈಯಿಂದ ತಿದ್ದಬೇಡಿ’ ಎಂಬ ಎಚ್ಚರಿಕೆ ದಪ್ಪಕ್ಷರದಲ್ಲಿ ಇರುತ್ತದೆ. ಭಾಷೆಯ ಸಾಲುಗಳಿಗಾಗಿ ಹುಟ್ಟುವ ಡಾರ್ಟ್ ಕಡತಗಳಲ್ಲಿ, ನಾವಾಗಿಯೇ ಕೇಳದ ಹೊರತು, ಅಂಥ ಎಚ್ಚರಿಕೆ ಇರುವುದಿಲ್ಲ. ಕೇಳುವ ದಾರಿ ಇದೆ: ಎಲ್10ಎನ್ ಎಂಬ ಹೆಸರಿನ ಸಂರಚನಾ ಕಡತದಲ್ಲಿ ಹೆಡರ್ ಎಂಬ ಆಯ್ಕೆ ಕೊಟ್ಟು, ನಮಗೆ ಬೇಕಾದ ಸಾಲನ್ನು ಪ್ರತಿ ಕಡತದ ತಲೆಬರಹವಾಗಿ ಹಾಕಿಸಬಹುದು. ಈಗ ನಮ್ಮ ಎಲ್ಲ ಯೋಜನೆಗಳಲ್ಲೂ ಆ ಜಾಗದಲ್ಲಿ ಒಂದು ಕನ್ನಡ ವಾಕ್ಯವಿದೆ. ಮೂಲ ಎಲ್ಲಿದೆ ಎಂಬುದನ್ನೂ ಅದೇ ವಾಕ್ಯ ಹೇಳುತ್ತದೆ.

ಇಂಥ ಕಡತಗಳು ಏಕಾದರೂ ಬೇಕು ಎಂದು ಓದುಗರು ಕೇಳಬಹುದು. ಗೂಗಲ್ ಸಂಸ್ಥೆ 2018ರ ಡಿಸೆಂಬರಿನಲ್ಲಿ ಮೊದಲ ಸ್ಥಿರ ಆವೃತ್ತಿಯಾಗಿ ಬಿಡುಗಡೆ ಮಾಡಿದ ಫ್ಲಟರ್‌ನಲ್ಲಿ ಒಂದೇ ಸಲ ಬರೆದ ಕೋಡ್ ಆಂಡ್ರಾಯ್ಡ್ ಫೋನಿನಲ್ಲೂ ಐಫೋನಿನಲ್ಲೂ ಓಡುತ್ತದೆ. ಅದರ ಭಾಷೆ ಡಾರ್ಟ್. ಆ್ಯಪ್ ಹಗುರವಾಗಿರಲೆಂದು, ಬಳಕೆಯಾಗದ ಕೋಡನ್ನೆಲ್ಲ ಕೊನೆಯಲ್ಲಿ ಕತ್ತರಿಸಿ ಹಾಕುವ ವ್ಯವಸ್ಥೆ ಅದರಲ್ಲಿದೆ. ಓಡುತ್ತಿರುವಾಗಲೇ ಕೋಡ್ ತನ್ನ ರಚನೆಯನ್ನು ತಾನೇ ಪರಿಶೀಲಿಸಿಕೊಳ್ಳುವ ರಿಫ್ಲೆಕ್ಷನ್ ಎಂಬ ಸೌಲಭ್ಯ, ಜಾವಾದಂಥ ಭಾಷೆಗಳಲ್ಲಿ ಸಾಮಾನ್ಯವಾದದ್ದು, ಈ ಕತ್ತರಿಗೆ ಅಡ್ಡ ಬರುತ್ತದೆ. ಯಾವುದು ಬೇಕಾಗಬಹುದು, ಯಾವುದು ಬೇಡ ಎಂದು ಮೊದಲೇ ಹೇಳಲಾಗುವುದಿಲ್ಲ. ಆದ್ದರಿಂದ ಫ್ಲಟರ್‌ನಲ್ಲಿ ಅದನ್ನು ಕೈಬಿಡಲಾಗಿದೆ. ಪರಿಣಾಮವಾಗಿ, ಸರ್ವರಿನಿಂದ ಜೇಸನ್ ಎಂಬ ಸರಳ ಪಠ್ಯ ರೂಪದಲ್ಲಿ ಬಂದ ಸದಸ್ಯನ ಹೆಸರು, ಖಾತೆ, ಊರುಗಳನ್ನು ಡಾರ್ಟ್‌ನ ವಸ್ತುವಾಗಿ ಪರಿವರ್ತಿಸುವ ಬೇಸರದ ಕೋಡನ್ನು ಒಂದೋ ಕೈಯಿಂದ ಬರೆಯಬೇಕು, ಇಲ್ಲವೇ ಆ್ಯಪ್ ಕಟ್ಟುವ ಮೊದಲೇ ಯಂತ್ರದಿಂದ ಬರೆಸಬೇಕು. ಇಪ್ಪತ್ತು ಬಗೆಯ ದಾಖಲೆಗಳಿರುವ ಆ್ಯಪ್‌ನಲ್ಲಿ ಕೈಯಿಂದ ಬರೆಯುವವರು ಯಾರೂ ಇಲ್ಲ.

ಬಿಲ್ಡ್ ರನ್ನರ್ ಎಂಬ ಉಪಕರಣ ಈ ಕೆಲಸದ ಮೇಸ್ತ್ರಿ. ಜೇಸನ್ ಪರಿವರ್ತನೆಗೆ ಒಂದು ಪ್ಯಾಕೇಜು (ಬೇರೆಯವರು ಬರೆದಿಟ್ಟ ಸಿದ್ಧ ಕೋಡು), ಬದಲಾಗದ ದತ್ತಾಂಶ ವರ್ಗಗಳಿಗೆ ಫ್ರೀಜ್ಡ್ ಎಂಬ ಇನ್ನೊಂದು, ಪರದೆಯ ಸ್ಥಿತಿ ನಿರ್ವಹಣೆಗೆ ರಿವರ್‌ಪಾಡ್ ಎಂಬ ಮತ್ತೊಂದು, ಹೀಗೆ ಹಲವು ಆಳುಗಳು ಅದರ ಕೈಕೆಳಗೆ ದುಡಿಯುತ್ತವೆ. ನಾವು ಬರೆದ ಕಡತದ ಪಕ್ಕದಲ್ಲೇ, ಅದೇ ಹೆಸರಿನ ಕೊನೆಗೆ ‘ಜಿ.ಡಾರ್ಟ್’ ಅಥವಾ ‘ಫ್ರೀಜ್ಡ್.ಡಾರ್ಟ್’ ಎಂಬ ಬಾಲವಿರುವ ಜೋಡಿ ಕಡತ ಹುಟ್ಟಿಕೊಳ್ಳುತ್ತದೆ. ನಾವು ಬರೆದ ಕಡತದೊಳಗೇ ಈ ಜೋಡಿಯನ್ನು ಹೆಸರಿಸಿರುತ್ತೇವಾದ್ದರಿಂದ, ಅದು ಇಲ್ಲದಿದ್ದರೆ ಕೋಡ್ ಕಂಪೈಲ್ ಆಗುವುದಿಲ್ಲ, ಅಂದರೆ ಓಡುವ ಆ್ಯಪ್ ಆಗಿ ಮಾರ್ಪಡುವುದಿಲ್ಲ.

ಇಲ್ಲಿಗೆ ನಮ್ಮ ಕಸುಬಿನ ಹಳೆಯ ಜಗಳ ಆರಂಭವಾಗುತ್ತದೆ. ಈ ಯಂತ್ರ ಬರೆದ ಕಡತಗಳನ್ನು ಗಿಟ್ ರೆಪೊದಲ್ಲಿ, ಅಂದರೆ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂಡದ ಭಂಡಾರದಲ್ಲಿ, ಮೂಲದ ಜೊತೆಗೇ ಇಡಬೇಕೋ, ಅಥವಾ ಅಡುಗೆಯಾದ ಮೇಲೆ ತೊಳೆದು ಮಗುಚಿಡುವ ಪಾತ್ರೆಯಂತೆ ಪ್ರತಿ ಸಲ ಹೊಸದಾಗಿ ಹುಟ್ಟಿಸಿ ಹೊರಗಿಡಬೇಕೋ? ಹೊರಗಿಡಬೇಕೆನ್ನುವವರ ವಾದ ಗಟ್ಟಿಯಾಗಿಯೇ ಇದೆ. ಮೂಲದಿಂದ ಮತ್ತೆ ಪಡೆಯಬಹುದಾದದ್ದನ್ನು ಎರಡು ಕಡೆ ಇಟ್ಟರೆ ಎಂದಾದರೊಂದು ದಿನ ಎರಡರ ನಡುವೆ ಹೊಂದಾಣಿಕೆ ತಪ್ಪುತ್ತದೆ. ಸಹೋದ್ಯೋಗಿಯ ಬದಲಾವಣೆಯನ್ನು ಪರಿಶೀಲಿಸಲು ಕೂತವನಿಗೆ ಹತ್ತು ಸಾಲಿನ ನಿಜವಾದ ಬದಲಾವಣೆಯ ಜೊತೆ ನಾನೂರು ಸಾಲಿನ ಯಂತ್ರದ ಗದ್ದಲ ಎದುರಾಗುತ್ತದೆ. ಇಬ್ಬರು ಕೋಡಿನ ಬೇರೆಬೇರೆ ಶಾಖೆಗಳಲ್ಲಿ, ಅಂದರೆ ಪ್ರತ್ಯೇಕ ಪ್ರತಿಗಳಲ್ಲಿ, ಕೆಲಸ ಮಾಡಿ ಒಂದುಗೂಡಿಸುವಾಗ ಈ ಕಡತಗಳಲ್ಲೇ ಮೊದಲು ಮರ್ಜ್ ಕಾನ್‌ಫ್ಲಿಕ್ಟ್, ಅಂದರೆ ಇಬ್ಬರ ಬದಲಾವಣೆಗಳ ಘರ್ಷಣೆ, ಬರುತ್ತದೆ. ರಿವರ್‌ಪಾಡ್‌ನ ಉಪಕರಣ ಮೂಲ ಕೋಡಿನ ಒಂದು ಹ್ಯಾಶ್ ಗುರುತನ್ನು (ಕೋಡ್ ತುಸು ಬದಲಾದರೂ ತಾನೂ ಬದಲಾಗುವ ಬೆರಳಚ್ಚಿನಂಥ ಸಂಕೇತವನ್ನು) ಯಂತ್ರದ ಕಡತದೊಳಗೆ ಬರೆದಿಡುವುದರಿಂದ, ಇಬ್ಬರೂ ಕೋಡಿನ ಒಂದೇ ಫಂಕ್ಷನ್ನಿನೊಳಗೆ ಬೇರೆಬೇರೆ ಸಾಲು ಮುಟ್ಟಿದ್ದರೂ ಆ ಗುರುತಿನ ಸಾಲಿನಲ್ಲಿ ಘರ್ಷಣೆ ಖಚಿತ. ಇಂಥ ಕಡೆ ಕೂತು ಕೈಯಿಂದ ಬಿಡಿಸುತ್ತಾ ಹೋಗುವುದು ವ್ಯರ್ಥ ಶ್ರಮ. ಯಾವುದಾದರೊಂದು ಪ್ರತಿಯನ್ನು ಕಣ್ಣುಮುಚ್ಚಿ ಒಪ್ಪಿಕೊಂಡು, ಮೂಲ ಕಡತದ ಘರ್ಷಣೆಯನ್ನು ಮಾತ್ರ ಬಿಡಿಸಿ, ಉಪಕರಣವನ್ನು ಮತ್ತೆ ಓಡಿಸಿದರೆ ಮುಗಿಯಿತು. ಇದನ್ನು ತಿಳಿಯದೆ ಮಧ್ಯಾಹ್ನಗಳನ್ನು ಕಳೆದವರಲ್ಲಿ ನಾನೂ ಒಬ್ಬ.

ಒಳಗಿಡಬೇಕೆನ್ನುವವರ ವಾದ ಪುಸ್ತಕಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ, ಬದುಕಿನಲ್ಲಿ ಕಾಣಿಸುತ್ತದೆ. ಹೊಸಬನೊಬ್ಬ ರೆಪೊ ಇಳಿಸಿಕೊಂಡು ತೆರೆದ ಕೂಡಲೇ ನೂರಾರು ಕೆಂಪು ಗೆರೆಗಳು ಎದುರಾಗುತ್ತವೆ, ಯಾವ ಆಜ್ಞೆ ಓಡಿಸಬೇಕೆಂದು ಹೇಳುವವರು ಕೆಲಸ ಬಿಟ್ಟು ಹೋಗಿರುತ್ತಾರೆ. ದೊಡ್ಡ ಯೋಜನೆಗಳಲ್ಲಿ ಬಿಲ್ಡ್ ರನ್ನರ್ ಮುಗಿಯಲು ನಿಮಿಷಗಟ್ಟಲೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರ ಎಂದರೆ ಯಾವ ಯಂತ್ರ, ಯಾವ ಆವೃತ್ತಿಯದು? ಉಪಕರಣದ ಆವೃತ್ತಿ ಬದಲಾದರೆ ಅದೇ ಮೂಲದಿಂದ ಬೇರೆಯೇ ಕೋಡ್ ಹೊರಬರಬಹುದು. 2025ರ ಫೆಬ್ರುವರಿಯಲ್ಲಿ ಬಂದ ಡಾರ್ಟ್ 3.7 ಆವೃತ್ತಿಯಲ್ಲಿ ಕೋಡಿನ ಸಾಲುಗಳನ್ನು ಜೋಡಿಸುವ ಶೈಲಿಯೇ ಬದಲಾದಾಗ, ಅರ್ಥದಲ್ಲಿ ಒಂದಕ್ಷರ ವ್ಯತ್ಯಾಸವಿಲ್ಲದಿದ್ದರೂ ಯಂತ್ರದ ಕಡತಗಳಲ್ಲಿ ಸಾವಿರಾರು ಸಾಲು ಕದಲಿದವು. ಮೂರು ವರ್ಷ ಮುಚ್ಚಿಟ್ಟ ಯೋಜನೆಯನ್ನು ತೆರೆದು, ‘ಮೂಲ ಇದೆಯಲ್ಲ, ಮತ್ತೆ ಹುಟ್ಟಿಸಿದರಾಯಿತು’ ಎಂದು ಹೊರಟವರು, ಹಳೆಯ ಪ್ಯಾಕೇಜುಗಳು ಹೊಸ ಫ್ಲಟರ್ ಜೊತೆ ಹೊಂದಿಕೊಳ್ಳದೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತಾರೆ.

ಈ ವಿಚಾರದಲ್ಲಿ ಫ್ಲಟರ್ ತಾನೇ ಒಂದು ಪಕ್ಷ ಹಿಡಿದಿಲ್ಲ ಎಂಬುದು ಸ್ವಾರಸ್ಯಕರ. ಆ್ಯಪ್ ಬಳಸುವ ಪ್ಲಗಿನ್‌ಗಳನ್ನು, ಅಂದರೆ ಕ್ಯಾಮೆರಾದಂಥ ಫೋನಿನ ಸೌಲಭ್ಯಗಳಿಗೆ ಕೊಂಡಿ ಹಾಕುವ ಪ್ಯಾಕೇಜುಗಳನ್ನು, ನೋಂದಾಯಿಸುವ ಕಡತವನ್ನು ಅದು ಪ್ರತಿಯೊಂದು ವೇದಿಕೆಗೂ ತಾನೇ ಬರೆಯುತ್ತದೆ. ಹೊಸ ಯೋಜನೆ ಶುರು ಮಾಡಿದಾಗ ಸಿಗುವ ಸಿದ್ಧ ವ್ಯವಸ್ಥೆಯಲ್ಲಿ ಆಂಡ್ರಾಯ್ಡ್ ಮತ್ತು ಐಫೋನ್ ಭಾಗದ ನೋಂದಣಿ ಕಡತಗಳನ್ನು ಗಿಟ್ ಕಣ್ಣಿಗೆ ಬೀಳದಂತೆ ಹೊರಗಿಟ್ಟಿರುತ್ತಾರೆ. ವಿಂಡೋಸ್ ಮತ್ತು ಲಿನಕ್ಸ್ ಭಾಗದ ಅದೇ ಬಗೆಯ ಕಡತಗಳು ಗಿಟ್ ಒಳಗೇ ಇರುತ್ತವೆ. ಭಾಷೆಯ ಕಡತಗಳ ವಿಷಯದಲ್ಲೂ ನಿಲುವು ಬದಲಾಗಿದೆ. ಹಿಂದೆ ಅವು ಯೋಜನೆಯೊಳಗಿನ ಒಂದು ಗುಪ್ತ ಕಡತಕೋಶದಲ್ಲಿ, ಗಿಟ್‌ಗೆ ಸೇರದ ಕೃತಕ ಪ್ಯಾಕೇಜಾಗಿ ಹುಟ್ಟುತ್ತಿದ್ದವು. 2025ರಿಂದೀಚೆಗೆ ಆ ಏರ್ಪಾಡನ್ನು ಕೈಬಿಡುತ್ತಾ, ನಾವು ಬರೆದ ಕೋಡಿನ ಪಕ್ಕದಲ್ಲೇ ಅವುಗಳನ್ನು ಬರೆಯುವುದು ವಾಡಿಕೆಯಾಗಿದೆ. ಅಂದರೆ ನಿನ್ನೆಯವರೆಗೆ ಕಣ್ಣಿಗೆ ಬೀಳದಿದ್ದ ಕನ್ನಡ ಕಡತ ಇವತ್ತು ಎದುರಿಗೇ ಇದೆ, ತಿದ್ದಲು ಕೈ ಚಾಚಿದರೆ ಸಿಗುತ್ತದೆ. ನಮ್ಮ ಹುಡುಗ ಬಿದ್ದ ಗುಂಡಿ ಇನ್ನು ಮುಂದೆ ಇನ್ನಷ್ಟು ಅಗಲವಾಗಲಿದೆ ಎಂದು ನನ್ನ ಅಂದಾಜು.

ನನ್ನ ನಿಲುವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಒಂದೇ ಕಂಪನಿಯೊಳಗೆ, ಒಂದೇ ತಂಡ ವರ್ಷಗಟ್ಟಲೆ ನೋಡಿಕೊಳ್ಳುವ ಆ್ಯಪ್ ಆದರೆ ಯಂತ್ರದ ಕಡತಗಳನ್ನು ಹೊರಗಿಡುವುದು ಅಚ್ಚುಕಟ್ಟು. ಆದರೆ ಸಹಕಾರ ಸಂಘ, ಪಂಚಾಯಿತಿ, ಶಾಲೆ, ಸಣ್ಣ ವ್ಯಾಪಾರಿಗಳಿಗಾಗಿ ತಯಾರಾಗುವ, ಎರಡು ಮೂರು ವರ್ಷಕ್ಕೊಮ್ಮೆ ಗುತ್ತಿಗೆದಾರ ಬದಲಾಗುವ ಆ್ಯಪ್‌ಗಳಲ್ಲಿ ಅವುಗಳನ್ನು ಮೂಲದ ಜೊತೆಗೇ ಇಡಬೇಕು. ಹಾಗೆ ಇಟ್ಟಾಗ ಒಂದು ಕಾವಲು ಕಡ್ಡಾಯ: ಯಾರೇ ಹೊಸ ಕೋಡ್ ಸೇರಿಸಿದರೂ ಸರ್ವರಿನಲ್ಲಿ ತಾನಾಗಿ ಓಡುವ ಪರೀಕ್ಷೆ ಉಪಕರಣವನ್ನು ಹೊಸದಾಗಿ ಓಡಿಸಿ, ಈಗ ಹುಟ್ಟಿದ ಕಡತಕ್ಕೂ ರೆಪೊದಲ್ಲಿರುವ ಕಡತಕ್ಕೂ ಒಂದಕ್ಷರ ವ್ಯತ್ಯಾಸ ಕಂಡರೂ ತಡೆದು ನಿಲ್ಲಿಸಬೇಕು. ಮೂಲ ಬದಲಿಸಿ ಉಪಕರಣ ಓಡಿಸಲು ಮರೆತವನೂ ಇದರಲ್ಲಿ ಸಿಕ್ಕಿಬೀಳುತ್ತಾನೆ, ಕೈಯಿಂದ ತಿದ್ದಿದವನೂ ಸಿಕ್ಕಿಬೀಳುತ್ತಾನೆ. ಎಲ್ಲರ ಕಂಪ್ಯೂಟರಿನಲ್ಲೂ ಸರ್ವರಿನಲ್ಲೂ ಒಂದೇ ಆವೃತ್ತಿಯ ಉಪಕರಣಗಳಿದ್ದರೆ ಮಾತ್ರ ಈ ಕಾವಲು ನಡೆಯುತ್ತದೆ. ಪ್ಯಾಕೇಜುಗಳ ಆವೃತ್ತಿಯನ್ನು ನಿಗದಿ ಮಾಡುವ ಪಬ್‌ಸ್ಪೆಕ್ ಲಾಕ್ ಕಡತವನ್ನು ಆ್ಯಪ್ ಯೋಜನೆಗಳಲ್ಲಿ ಗಿಟ್‌ಗೆ ಸೇರಿಸಬೇಕೆಂಬುದು ಡಾರ್ಟ್‌ನವರದೇ ಸಲಹೆ. ಫ್ಲಟರ್‌ನ ಆವೃತ್ತಿಯನ್ನು ಆ ಲಾಕ್ ಹಿಡಿದಿಡುವುದಿಲ್ಲವಾದ್ದರಿಂದ ಅದನ್ನು ಬೇರೆಯಾಗಿ ಬರೆದಿಡಬೇಕು, ಎಫ್‌ವಿಎಂನಂಥ ಉಪಕರಣ ಇದಕ್ಕೆ ಒದಗುತ್ತದೆ.

ಈ ನಿಯಮಕ್ಕೆ ನಾನು ಕಂಡ ಒಂದು ಅಪಾಯಕಾರಿ ಅಪವಾದವಿದೆ. ಸರ್ವರಿನ ಗುಪ್ತ ಕೀಲಿಗಳನ್ನು ಬೇರೆ ಕಡತದಲ್ಲಿಟ್ಟು, ಅಲ್ಲಿಂದ ಓದಿ ಡಾರ್ಟ್ ಕಡತ ಬರೆಯುವ ಎನ್ವೀಡ್ ಎಂಬ ಪ್ಯಾಕೇಜು ಜನಪ್ರಿಯವಾಗಿದೆ. ಕೀಲಿಯ ಮೂಲ ಕಡತವನ್ನು ಎಲ್ಲರೂ ಜೋಪಾನವಾಗಿ ಹೊರಗಿಡುತ್ತಾರೆ. ಯಂತ್ರ ಬರೆದ ಕಡತದಲ್ಲೂ ಅದೇ ಕೀಲಿ ಇರುತ್ತದೆ ಎಂಬುದು ಮಾತ್ರ ಮರೆತುಹೋಗುತ್ತದೆ, ‘ಜಿ.ಡಾರ್ಟ್ ಎಲ್ಲವೂ ಒಳಗಿರಲಿ’ ಎಂಬ ಸಾರಾಸಗಟು ನಿಯಮವಿದ್ದರೆ ಕೀಲಿಯೂ ಒಳಗೆ ಹೋಗಿ ಕೂರುತ್ತದೆ. ಆದ್ದರಿಂದ ಒಳಗೆ ಅಥವಾ ಹೊರಗೆ ಎಂಬುದನ್ನು ಕಡತದ ಜಾತಿ ನೋಡಿ ತೀರ್ಮಾನಿಸಿ, ರೆಪೊದ ಓದುಕಡತದಲ್ಲಿ (ರೀಡ್‌ಮಿ) ಒಂದು ಪುಟದಷ್ಟಾದರೂ ಬರೆದಿಡಬೇಕು. ಗಿಟ್ ರೆಪೊಗಳನ್ನು ಇಡುವ ಗಿಟ್‌ಹಬ್ ಜಾಲತಾಣದಲ್ಲಿ ಯಂತ್ರದ ಕಡತಗಳಿಗೆ ಗುರುತು ಹಾಕಿಟ್ಟರೆ ಪರಿಶೀಲನೆಯ ವೇಳೆ ಅವು ಮಡಚಿಕೊಂಡೇ ಇರುತ್ತವೆ, ಗದ್ದಲದ ಕಾಟ ತಪ್ಪುತ್ತದೆ. ಇದು ಎರಡು ಸಾಲಿನ ಕೆಲಸ.

ಫ್ಲಟರ್‌ನಂಥದ್ದೇ ಇನ್ನೊಂದು ಸಲಕರಣೆಯಾದ ರಿಯಾಕ್ಟ್ ನೇಟಿವ್ ಬಳಸುವ ಗೆಳೆಯರು ಇಂಥ ತಲೆನೋವು ತಮಗಿಲ್ಲ ಎನ್ನುತ್ತಾರೆ. ಅಲ್ಲಿನ ಎಕ್ಸ್‌ಪೋ ವ್ಯವಸ್ಥೆಯಲ್ಲಿ ಆಂಡ್ರಾಯ್ಡ್ ಮತ್ತು ಐಫೋನ್ ಕಡತಕೋಶಗಳನ್ನೇ ಇಡಿಯಾಗಿ ಒಂದು ಸಂರಚನಾ ಕಡತದಿಂದ ಹುಟ್ಟಿಸಿ, ಬೇಡವಾದಾಗ ಅಳಿಸಿ, ಮತ್ತೆ ಹುಟ್ಟಿಸಬಹುದು. ಸರಿಯೇ, ಆದರೆ ಅವರಲ್ಲೂ ಯಾರೋ ಒಬ್ಬರು ಆಂಡ್ರಾಯ್ಡ್ ಕಡತಕೋಶದೊಳಗೆ ಹೋಗಿ ಒಂದು ಅನುಮತಿಯ ಸಾಲನ್ನು ಕೈಯಿಂದ ಸೇರಿಸಿದ ದಿನ ನಮ್ಮದೇ ಕಥೆ ಮರುಕಳಿಸುತ್ತದೆ.

ಡಾರ್ಟ್‌ನಲ್ಲಿ ಈ ಕಡತಗಳೇ ಬೇಡವಾಗುವ ಕಾಲ ಬರುತ್ತದೆಂಬ ಆಸೆ ಒಂದಷ್ಟು ದಿನ ಇತ್ತು. ಕಂಪೈಲರ್ ತನ್ನೊಳಗೇ ಈ ಬೇಸರದ ಕೋಡನ್ನು ಹುಟ್ಟಿಸಿಕೊಳ್ಳುವ ಮ್ಯಾಕ್ರೋ ಎಂಬ ಸೌಲಭ್ಯದ ಮುನ್ನೋಟವನ್ನು 2024ರ ಮೇ ತಿಂಗಳಲ್ಲಿ ತೋರಿಸಿದರು. 2025ರ ಜನವರಿಯಲ್ಲಿ ಆ ಕೆಲಸವನ್ನು ನಿಲ್ಲಿಸಿರುವುದಾಗಿ ಡಾರ್ಟ್ ತಂಡ ಪ್ರಕಟಿಸಿತು. ಕೋಡ್ ಬದಲಿಸಿದ ಕೂಡಲೇ ಪರದೆಯಲ್ಲಿ ಕಾಣಬೇಕೆಂಬ ಫ್ಲಟರ್‌ನ ಹೆಗ್ಗಳಿಕೆಗೆ ಮ್ಯಾಕ್ರೋಗಳ ಭಾರ ಅಡ್ಡಿಯಾಗುವುದು ಒಂದು ಮುಖ್ಯ ಕಾರಣವಾಗಿತ್ತು. ಬದಲಿಗೆ ಬಿಲ್ಡ್ ರನ್ನರನ್ನೇ ಸುಧಾರಿಸುವ ಮಾತು ಬಂತು. ಹಾಗಾಗಿ ಯಂತ್ರದ ಕಡತಗಳ ಜೊತೆ ಬಾಳುವುದನ್ನು ನಾವು ಕಲಿಯಲೇಬೇಕು, ‘ಮುಂದಿನ ಆವೃತ್ತಿಯಲ್ಲಿ ಹೋಗುತ್ತದೆ’ ಎಂದು ಕಾಯುವಂತಿಲ್ಲ.

ಈಗ ಓದುಗರ ಇನ್ನೊಂದು ದೂರಿಗೆ ಬರುತ್ತೇನೆ: ಕನ್ನಡ ಪರದೆಯ ನಡುವೆ ಇಣುಕುವ ಇಂಗ್ಲಿಷ್ ಸಾಲು. ಇಂಗ್ಲಿಷಿನ ಎಆರ್‌ಬಿ ಮಾದರಿಗೆ ಹೊಸ ಸಂದೇಶ ಸೇರಿಸಿ ಕನ್ನಡದ ಎಆರ್‌ಬಿಗೆ ಸೇರಿಸದೆ ಬಿಟ್ಟರೆ ಉಪಕರಣ ಕೆಲಸ ನಿಲ್ಲಿಸುವುದಿಲ್ಲ, ಕನ್ನಡದ ಡಾರ್ಟ್ ಕಡತದಲ್ಲಿ ಆ ಜಾಗಕ್ಕೆ ಮಾದರಿಯ ಇಂಗ್ಲಿಷ್ ಸಾಲನ್ನೇ ತುಂಬಿ ಮುಂದೆ ಹೋಗುತ್ತದೆ. ಆ್ಯಪ್ ಓಡುತ್ತದೆ, ಪರೀಕ್ಷಿಸುವವರು ಇಂಗ್ಲಿಷಿನಲ್ಲೇ ಪರೀಕ್ಷಿಸುತ್ತಾರೆ, ತಪ್ಪು ಹಳ್ಳಿಯ ಬಳಕೆದಾರನ ಕೈಗೆ ಹೋಗಿ ಬೀಳುತ್ತದೆ. ಅನುವಾದವಾಗದೆ ಉಳಿದ ಸಂದೇಶಗಳ ಪಟ್ಟಿಯನ್ನು ಬೇರೆ ಕಡತದಲ್ಲಿ ಬರೆದುಕೊಡು ಎಂದು ಉಪಕರಣಕ್ಕೆ ಹೇಳುವ ಆಯ್ಕೆಯೂ ಸಂರಚನಾ ಕಡತದಲ್ಲಿದೆ. ಆ ಪಟ್ಟಿ ಖಾಲಿಯಾಗದ ಹೊರತು ಹೊಸ ಆವೃತ್ತಿ ಹೊರಬಾರದು ಎಂದು ಕಾವಲಿಗೆ ಹೇಳಿದರೆ ಈ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಪ್ರತಿ ಸಂದೇಶದ ಜೊತೆಗೂ ಅದು ಯಾವ ಪರದೆಯಲ್ಲಿ, ಯಾರಿಗೆ, ಯಾವಾಗ ಕಾಣುತ್ತದೆ ಎಂದು ವಿವರಣೆ ಬರೆಯುವ ಜಾಗ ಎಆರ್‌ಬಿಯಲ್ಲಿದೆ. ಅದನ್ನು ತುಂಬಿಸಿ, ಆ ಕಡತವನ್ನೇ ಅನುವಾದಕರ ಕೈಗೆ ಕೊಡಬೇಕು. ಈಗ ನಡೆಯುತ್ತಿರುವುದೇನೆಂದರೆ, ಸಂದರ್ಭವಿಲ್ಲದ ಇನ್ನೂರು ಇಂಗ್ಲಿಷ್ ಪದಗಳ ಎಕ್ಸೆಲ್ ಹಾಳೆಯೊಂದು ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ, ‘ಬ್ಯಾಲೆನ್ಸ್’ ಎಂದರೆ ಖಾತೆಯ ಬಾಕಿಯೋ ತಕ್ಕಡಿಯ ಸಮತೋಲನವೋ ತಿಳಿಯದೆ ಮೇಷ್ಟರು ಊಹಿಸಿ ಬರೆಯುತ್ತಾರೆ, ಯಾರೋ ಅದನ್ನು ಅಂಟಿಸುತ್ತಾರೆ.

ಕನ್ನಡಕ್ಕೇ ವಿಶೇಷವಾದ ಒಂದು ಸಂಗತಿಯನ್ನು ಇಲ್ಲಿ ದಾಖಲಿಸಬೇಕು. ಫ್ಲಟರ್ ತನ್ನದೇ ಗುಂಡಿಗಳು, ಕ್ಯಾಲೆಂಡರು, ಎಚ್ಚರಿಕೆಗಳಿಗೆ ಬೇಕಾದ ಮಾತುಗಳನ್ನು ಹಲವು ಭಾಷೆಗಳಲ್ಲಿ ತಾನೇ ಹೊತ್ತು ತರುತ್ತದೆ, ಕನ್ನಡವೂ ಅವುಗಳಲ್ಲಿದೆ. ಆ ಮಾತುಗಳ ಎಆರ್‌ಬಿ ಮೂಲವನ್ನು ಫ್ಲಟರ್‌ನ ಮುಕ್ತ ರೆಪೊದಲ್ಲಿ ತೆರೆದು ನೋಡಿದರೆ ಹಿಂದಿ, ತಮಿಳು, ತೆಲುಗುಗಳು ಆಯಾ ಲಿಪಿಯಲ್ಲೇ ಕಾಣುತ್ತವೆ. ಕನ್ನಡದ ಕಡತದಲ್ಲಿ ಒಂದೇ ಒಂದು ಕನ್ನಡ ಅಕ್ಷರ ಕಾಣುವುದಿಲ್ಲ, ಪ್ರತಿ ಅಕ್ಷರದ ಜಾಗದಲ್ಲೂ ಅದರ ಯೂನಿಕೋಡ್ ಸಂಕೇತ ಸಂಖ್ಯೆ ಇರುತ್ತದೆ. ಅದಕ್ಕೆ ಅಲ್ಲಿನ ಓದುಕಡತ ಕೊಡುವ ಕಾರಣ: ಕನ್ನಡದ ಕೆಲವು ಅಕ್ಷರಗಳು ಲಿನಕ್ಸ್‌ನಲ್ಲಿ ಈಮ್ಯಾಕ್ಸ್ ಎಂಬ ಹಳೆಯ ಸಂಪಾದಕ ತಂತ್ರಾಂಶವನ್ನು ಕುಸಿಯುವಂತೆ ಮಾಡಬಲ್ಲವು. ಕನ್ನಡದ ಕಡತಗಳನ್ನು ಹೀಗೆ ಸಂಖ್ಯೆಗಳಾಗಿ ಪರಿವರ್ತಿಸಲೆಂದೇ ಅಲ್ಲಿ ಒಂದು ಪ್ರತ್ಯೇಕ ಸಣ್ಣ ಪ್ರೋಗ್ರಾಂ ಇದೆ. ಡಾರ್ಟ್ ಕಡತ ಬರೆಯುವ ಉಪಕರಣದಲ್ಲೂ ‘ಭಾಷೆ ಕನ್ನಡವಾದರೆ ಸಂಖ್ಯೆಗಳಲ್ಲಿ ಬರೆ’ ಎಂಬ ವಿಶೇಷ ಷರತ್ತು ಇದೆ. ಫೋನಿನ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಬಳಕೆದಾರನಿಗೆ ತೊಂದರೆಯಿಲ್ಲ. ಆದರೆ ಯಂತ್ರದ ಕಡತವನ್ನು ಬಿಟ್ಟು ಮೂಲವನ್ನು ತಿದ್ದಿ ಎಂದು ಈ ಪತ್ರದುದ್ದಕ್ಕೂ ಹೇಳುತ್ತಿರುವ ನಾನು, ಇಲ್ಲಿ ಆ ಮೂಲವನ್ನು ತೆರೆದ ಕನ್ನಡಿಗನಿಗೆ ಏನು ಹೇಳಲಿ? ಒಂದು ಕಾಗುಣಿತದ ತಪ್ಪನ್ನು ಗುರುತಿಸಲು ಅವನು ಮೊದಲು ಸಂಖ್ಯೆಗಳನ್ನು ಮತ್ತೆ ಅಕ್ಷರಗಳಾಗಿಸಿಕೊಳ್ಳಬೇಕು. ಒಂದು ಸಂಪಾದಕ ತಂತ್ರಾಂಶದ ದೋಷಕ್ಕೆ ಪರಿಹಾರವಾಗಿ ಭಾಷೆಯೊಂದರ ಮೂಲ ಪಠ್ಯವನ್ನೇ ಓದಲಾಗದಂತೆ ಮಾಡಿದ್ದು ತಾತ್ಕಾಲಿಕ ಉಪಾಯವಾಗಿ ಒಪ್ಪಬಹುದು, ಶಾಶ್ವತವಾಗಿ ಅಲ್ಲ. ಬೆಂಗಳೂರಿನಲ್ಲಿ ಕೂತು ಮುಕ್ತ ತಂತ್ರಾಂಶಗಳಿಗೆ ಕೊಡುಗೆ ಕೊಡುವ ನಮ್ಮ ಹುಡುಗ ಹುಡುಗಿಯರು ಈ ವಿಶೇಷ ಷರತ್ತು ಇಂದಿಗೂ ಅಗತ್ಯವೇ ಎಂದು ಪರೀಕ್ಷಿಸಿ ನೋಡಬಹುದು.

ಕೊನೆಯದಾಗಿ, ಆ್ಯಪ್ ಬರೆಸುವವರ ವಿಷಯ. ಸಂಘ ಸಂಸ್ಥೆಗಳು ಗುತ್ತಿಗೆ ಮುಗಿದಾಗ ‘ಸೋರ್ಸ್ ಕೋಡ್ ಪಡೆದಿದ್ದೇವೆ’ ಎಂದು ರಸೀದಿ ಬರೆದು ಒಂದು ಜಿಪ್ ಕಡತ ತೆಗೆದಿಟ್ಟುಕೊಳ್ಳುತ್ತವೆ. ಅಂಥ ಒಂದು ಜಿಪ್ ನನ್ನ ಕೈಗೆ ಬಂದಾಗ ಅದರಲ್ಲಿ ಕನ್ನಡದ ಡಾರ್ಟ್ ಕಡತ ಇತ್ತು, ಎಆರ್‌ಬಿ ಇರಲಿಲ್ಲ. ಸರ್ವರಿನ ಜೊತೆ ಮಾತಾಡುವ ಯಂತ್ರದ ಕೋಡ್ ಇತ್ತು, ಅದನ್ನು ಹುಟ್ಟಿಸಿದ ವಿವರಣಾ ಕಡತ ಇರಲಿಲ್ಲ. ಲಾಕ್ ಕಡತವೂ ಇರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅದು ಸೋರ್ಸ್ ಕೋಡೇ ಇರಬಹುದು, ಕೆಲಸದ ದೃಷ್ಟಿಯಲ್ಲಿ ಜೆರಾಕ್ಸ್ ಪ್ರತಿ. ನಾನೂರಕ್ಕೂ ಹೆಚ್ಚು ಸಂದೇಶಗಳನ್ನು ಡಾರ್ಟ್ ಕಡತದಿಂದ ಹಿಂದಕ್ಕೆ ಹೆಕ್ಕಿ ಎಆರ್‌ಬಿ ಮಾಡಿಕೊಳ್ಳಲು ನಮಗೆ ಹತ್ತಿರ ಹತ್ತಿರ ಎರಡು ವಾರ ಹಿಡಿಯಿತು, ಆ ಖರ್ಚನ್ನು ಸದಸ್ಯರ ಹಣದಿಂದಲೇ ಭರಿಸಬೇಕಾಯಿತು. ಹಸ್ತಾಂತರದ ದಿನ ಸಮಿತಿಯವರು ಒಂದು ಸರಳ ಪರೀಕ್ಷೆ ಮಾಡಿಸಬಹುದು: ಖಾಲಿ ಕಂಪ್ಯೂಟರಿನಲ್ಲಿ ಆ ಜಿಪ್ ಬಿಚ್ಚಿಸಿ, ಯಂತ್ರ ಬರೆದ ಕಡತಗಳನ್ನೆಲ್ಲ ಅಳಿಸಿಸಿ, ಮೂಲದಿಂದ ಮತ್ತೆ ಹುಟ್ಟಿಸಿ ಆ್ಯಪ್ ಕಟ್ಟಿ ತೋರಿಸಿ ಎಂದು ಗುತ್ತಿಗೆದಾರನನ್ನು ಕೇಳುವುದು. ಅರ್ಧ ದಿನದ ಕೆಲಸ. ಅಳಿಸಿದ್ದು ಮರಳಿ ಬಂದರೆ ಕೊನೆಯ ಕಂತಿನ ಹಣ ಕೊಡಬಹುದು.

ನಮ್ಮ ಸಹಕಾರ ಸಂಘದ ಆ್ಯಪ್‌ನಲ್ಲಿ ಸೊನ್ನೆಯ ಸಾಲು ಈಗ ಎಆರ್‌ಬಿಯಲ್ಲೇ ಇದೆ, ಬರೆದವರು ಆ ಮೇಷ್ಟರೇ. ಮೂರು ಆವೃತ್ತಿ ಕಳೆದರೂ ಅಳಿದಿಲ್ಲ. ಹಳೆಯ ಆವೃತ್ತಿಯನ್ನು ಇನ್ನೂ ಅಪ್‌ಡೇಟ್ ಮಾಡದ ಇಬ್ಬರು ನಿರ್ದೇಶಕರ ಫೋನುಗಳಲ್ಲಿ ಮಾತ್ರ ಆ ಒಂದು ಅರ್ಜಿ ಇವತ್ತಿಗೂ ಬಾಕಿ ಇದೆಯಂತೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಆ್ಯಪ್ ತಯಾರಕ, ಶಿವಮೊಗ್ಗ